ಹಾವು ಕಂಡರೆ ಹತ್ತಡಿ ದೂರದಿಂದ ಒಂದು ಫೋಟೊ

ನಮ್ಮದು ನೀರಾವರಿ ಇಲ್ಲದ ಜಾಗ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ತಾಲೂಕು ಹತ್ತಿರವಾಗುವ ಮೂಲೆಯಲ್ಲಿ ಎರಡು ಎಕ್ರೆ ಗೇರುಗುಡ್ಡೆ, ಮಳೆಗಾಲಕ್ಕೆ ಒಂದೇ ಬೆಳೆ ಆಗುವ ಅರ್ಧ ಎಕ್ರೆ ಬೆಟ್ಟುಗದ್ದೆ, ಕೊಯ್ಲಾದ ಮೇಲೆ ಅದರಲ್ಲಿ ಹುರುಳಿ. ಸಿದ್ದಕಟ್ಟೆಗೂ ವೇಣೂರಿಗೂ ಹೆಚ್ಚು ಕಡಿಮೆ ಒಂದೇ ದೂರ. ಅಡಿಕೆ ತೋಟದವರ ಹಾಗೆ ತಂಪು ನೆರಳು ನಮಗಿಲ್ಲ. ಮುರಕಲ್ಲ ಪಾದೆ, ಮುಳಿಹುಲ್ಲು, ತರಗೆಲೆ ಇಷ್ಟೇ. ಆದರೆ ಹಾವಿಗೆ ಬರ ಇಲ್ಲ. ಕಳೆದ ಆರು ವರ್ಷದಲ್ಲಿ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರದ ಒಳಗೇ 14 ಜಾತಿ ಹಾವಿನ ಫೋಟೊ ತೆಗೆದಿದ್ದೇನೆ. ಅದರಲ್ಲಿ ನಾವು ನಿಜವಾಗಿ ಹೆದರಬೇಕಾದವು ನಾಲ್ಕು: ನಾಗರಹಾವು, ಘಟ್ಟದ ಮೇಲಿನವರು ಕಟ್ಟುಹಾವು ಎನ್ನುವ ಕಡಂಬಳ, ಕನ್ನಡಿ ಹಾವು (ಕೊಳಕುಮಂಡಲ), ಮತ್ತೆ ತರಗೆಲೆಯೊಳಗಿನ ಒಂದು ಸಣ್ಣ ಗುಳಿಮಂಡಲ. ಉಳಿದ ಹತ್ತು ಜಾತಿಯಿಂದ ಜೀವಕ್ಕೆ ಅಪಾಯ ಇಲ್ಲ. ನಮ್ಮ ಊರಲ್ಲಿ ದೊಣ್ಣೆಯ ಏಟು ತಿನ್ನುವುದು ಹೆಚ್ಚಾಗಿ ಈ ಹತ್ತೇ.

ನನ್ನ ಹತ್ತಿರ ದೊಡ್ಡ ಕ್ಯಾಮರಾ ಇಲ್ಲ. ಮಗಳು ಕೆಲಸಕ್ಕೆ ಸೇರಿ ಹೊಸ ಮೊಬೈಲ್ ತೆಗೆದಾಗ ಹಳೆಯದು ನನ್ನ ಪಾಲಿಗೆ ಬಂತು. ರೀಲಿನ ಕಾಲದಲ್ಲಿ 36 ಫೋಟೊ ಮುಗಿಯುವವರೆಗೆ ಕಾದು, ಬಿ.ಸಿ. ರೋಡಿನ ಸ್ಟುಡಿಯೊಗೆ ಕೊಟ್ಟು, ಮತ್ತೆ ಹೋಗಿ ತರಬೇಕಿತ್ತು. ಮದುವೆಗೇ ಎರಡು ರೀಲು ಹೆಚ್ಚು ಅನ್ನುವ ಮನೆಯಲ್ಲಿ ಹಾವಿಗೆ ಯಾರು ರೀಲು ಖರ್ಚು ಮಾಡ್ತಾರೆ? ಈಗ ಆ ತಾಪತ್ರಯ ಇಲ್ಲ.

ಪಟ್ಟಿ ಎಲ್ಲಿಂದ ಸುರು?

2019ರ ಜುಲೈ. ರಾತ್ರಿ ಹಟ್ಟಿಗೆ ಹುಲ್ಲು ಹಾಕಲಿಕ್ಕೆ ಹೋದಾಗ ಗೋಡೆಯ ಮೇಲೆ ಬಿಳಿ ಪಟ್ಟಿಯ ಹಾವು. ನೆರೆಮನೆಯವರು ಕೋಲು ಹಿಡಿದೇ ಬಂದರು, "ಕಡಂಬಳ, ಬಿಡಬೇಡಿ" ಅಂತ. ರಜೆಯಲ್ಲಿ ಮನೆಗೆ ಬಂದಿದ್ದ ಮಗಳು "ಎರಡು ನಿಮಿಷ ನಿಲ್ಲಿ ಮಾವ" ಎಂದು ದೂರದಿಂದ ನಾಲ್ಕು ಫೋಟೊ ಹೊಡೆದಳು. ಬೆರಳಲ್ಲಿ ದೊಡ್ಡದು ಮಾಡಿ ತೋರಿಸಿದಳು. ಪಟ್ಟಿ ಕುತ್ತಿಗೆಯಿಂದಲೇ ಸುರುವಾಗಿತ್ತು, ಅಲ್ಲಿ ದಪ್ಪ, ಬಾಲದ ಕಡೆಗೆ ಹೋದ ಹಾಗೆ ಮಾಸಿ ಹೋಗಿತ್ತು. ಅದು ತೋಳಹಾವು. ಗೋಡೆ ಹತ್ತಿ ಹಲ್ಲಿ ಹಿಡಿಯುವುದು ಅದರ ಕಸುಬು. ವಿಷ ಇಲ್ಲ.

ಕಡಂಬಳದಲ್ಲಿ ಇದು ತಿರುವು ಮುರುವು. ತಲೆಯ ಹತ್ತಿರ ಪಟ್ಟಿ ಇರುವುದಿಲ್ಲ, ಇದ್ದರೂ ಚುಕ್ಕಿಯ ಹಾಗೆ ಮಸುಕು. ಸ್ವಲ್ಪ ಹಿಂದಿನಿಂದ ಸುರುವಾಗಿ ಬಾಲದ ಕಡೆಗೆ ಸ್ಪಷ್ಟವಾಗ್ತಾ ಹೋಗುತ್ತದೆ. ಗೆರೆ ಸಪೂರ, ಹೆಚ್ಚಾಗಿ ಜೋಡಿ ಜೋಡಿ. ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತದೆ. ಬೆನ್ನಿನ ನಡುವಿನ ಸಾಲಿನ ಹುರುಪೆ ದೊಡ್ಡದು, ಆರು ಮೂಲೆಯದ್ದು. ಇದನ್ನೆಲ್ಲ ಹಾವಿನ ಹತ್ತಿರ ಬಗ್ಗಿ ನೋಡಿ ಕಲಿಯಲಿಕ್ಕೆ ಆಗುವುದಿಲ್ಲ. ಫೋಟೊ ಆದರೆ ಚಾವಡಿಯಲ್ಲಿ ಕೂತು ಚಾ ಕುಡಿಯುತ್ತಾ ನೋಡಬಹುದು, ಹತ್ತು ಜನರಿಗೆ ತೋರಿಸಿ ಕೇಳಬಹುದು. ಆದರೂ ಸಂಶಯ ಉಳಿದರೆ ಕಡಂಬಳ ಎಂದೇ ಲೆಕ್ಕ ಹಾಕಬೇಕು.

ಯಾಕೆಂದರೆ ನಮ್ಮಂಥ ನೆಲದಲ್ಲಿ ಮಲಗುವವರಿಗೆ ದೊಡ್ಡ ಗಂಡಾಂತರ ಅದೇ. ರಾತ್ರಿ ಕಚ್ಚುತ್ತದೆ, ನೋವು ಇಲ್ಲವೆನ್ನುವಷ್ಟು ಕಡಿಮೆ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಿಕ್ಕೆ ಆಗದಿರುವುದು, ಮಾತು ತೊದಲುವುದು. ಆಗ 'ಗ್ಯಾಸ್' ಅಂತ ಕಷಾಯ ಕುಡಿಸಿ ಕೂತರೆ ಉಸಿರೇ ನಿಂತೀತು. ನಾವು ಆ ವರ್ಷದಿಂದ ಸೊಳ್ಳೆಪರದೆಯ ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿಯೇ ಮಲಗುತ್ತೇವೆ. ಸೊಳ್ಳೆಗಿಂತ ಹೆಚ್ಚು ಕಡಂಬಳಕ್ಕೆ.

ಫೋಟೊ ತೆಗೆಯುವ ಕ್ರಮ

ಹತ್ತಡಿ ನನ್ನ ಗೆರೆ. ಹಾವು ತನ್ನ ಮೈಯ ಅರ್ಧದಷ್ಟು ಉದ್ದಕ್ಕೆ ಮುಂದೆ ಚಿಮ್ಮಿದರೂ ನನಗೆ ತಾಗಬಾರದು, ನಾನು ಕಾಲು ಜಾರಿ ಬಿದ್ದರೂ ಅದರ ಮೇಲೆ ಬೀಳಬಾರದು. ಅದು ಹೋಗುವ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಬದಿಯಲ್ಲಿ ಅಲ್ಲಾಡದೆ ನಿಂತರೆ ಎಷ್ಟೋ ಸಲ ಹಾವು ನಮ್ಮನ್ನು ಕಂಬ ಅಂತ ತಿಳಿದು ತನ್ನ ಪಾಡಿಗೆ ಹೋಗುತ್ತದೆ. ಕಾಲಿಗೆ ಗಂಬೂಟು. ರಾತ್ರಿಯಾದರೆ ಮಿಂಚುವ ಫ್ಲ್ಯಾಶ್ ಬೇಡ, ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು. ಹೆಡೆ ಬಿಚ್ಚಲಿ ಅಂತ ಕೋಲು ಹಾಕಿ ಕೆಣಕುವುದು, ಚಪ್ಪಾಳೆ ತಟ್ಟುವುದು ಎರಡೂ ಬೇಡ. ತಲೆ, ಕುತ್ತಿಗೆ, ನಡು, ಬಾಲ ನಾಲ್ಕೂ ಬಂದರೆ ಒಳ್ಳೆಯದು, ಬಾರದಿದ್ದರೆ ಬಂದಷ್ಟು.

ಉದ್ದ ಅಳೆಯುವುದು ಹೇಗೆ ಅಂತ ತುಂಬ ಜನ ಕೇಳ್ತಾರೆ. ಹಾವು ಯಾವುದರ ಪಕ್ಕದಲ್ಲಿ ಹೋಯಿತೋ ಅದನ್ನು ಆಮೇಲೆ ಅಳೆದರೆ ಆಯಿತು. ನಮ್ಮ ಅಂಗಳದ ಕಟ್ಟೆಗೆ ಮುರಕಲ್ಲು ಕಟ್ಟಿದ್ದೇವೆ. ಒಂದು ಕೇರೆ ಕಟ್ಟೆಯ ಮೇಲೆ ಮಲಗಿದ್ದಾಗ ಫೋಟೊದಲ್ಲಿ ಕಲ್ಲು ಲೆಕ್ಕ ಹಾಕಿದೆ. ಅದು ಹೋದ ಮೇಲೆ ಟೇಪು ಹಿಡಿದರೆ ಆರೂವರೆ ಅಡಿ. ಅದಕ್ಕೆ ಮೊದಲು ನೆರೆಕರೆಯವರ ಬಾಯಲ್ಲಿ ಅದು ಹತ್ತಡಿ ಇತ್ತು! ಹಾವು ಬಾಯಿಂದ ಬಾಯಿಗೆ ಹೋಗುವಾಗ ಉದ್ದ ಆಗುವಷ್ಟು ಬೇರೆ ಯಾವ ಜೀವಿಯೂ ಆಗುವುದಿಲ್ಲ.

ಮಗಳ ಹಳೆಯ ನೋಟುಪುಸ್ತಕದಲ್ಲಿ ತಾರೀಕು, ಹೊತ್ತು, ಜಾಗ, ಮಳೆಯೋ ಬಿಸಿಲೋ ಬರೆದಿಡುತ್ತೇನೆ. ಆರು ವರ್ಷದ ಪುಟ ಮಗುಚಿದರೆ ಒಂದು ಪಂಚಾಂಗದ ಹಾಗೆ ಕಾಣುತ್ತದೆ. ಜೂನ್‌ನಲ್ಲಿ ಕಪ್ಪೆ ಕೂಗಲಿಕ್ಕೆ ಸುರುವಾದೊಡನೆ ಗದ್ದೆಯಲ್ಲಿ ನೀರೊಳ್ಳೆ. ಮಳೆಗಾಲ ಪೂರ್ತಿ ಹಟ್ಟಿ, ಸೌದೆಕೊಟ್ಟಿಗೆಯಲ್ಲಿ ತೋಳಹಾವು. ನವೆಂಬರ್ ಡಿಸೆಂಬರ್‌ನಲ್ಲಿ, ಬೈಹುಲ್ಲು ಒಳಗೆ ಹಾಕುವ ಹೊತ್ತಿಗೆ, ಕನ್ನಡಿ ಹಾವು. ಕುಕ್ಕರಿನ ಸೀಟಿಯ ಹಾಗೆ ಬುಸುಗುಟ್ಟುತ್ತದೆ, ಬೆನ್ನ ಮೇಲೆ ಸರಪಣಿಯ ಹಾಗೆ ಮೂರು ಸಾಲು ಕಂದು ಬಿಲ್ಲೆ. ಹೆಬ್ಬಾವಿನ ಮರಿ ಎಂದು ಅದನ್ನು ಕೈಯಲ್ಲಿ ಎತ್ತಲಿಕ್ಕೆ ಹೋದವರು ಉಂಟು. ಮಾರ್ಚ್ ಬಂದರೆ ನಮ್ಮಲ್ಲಿ ಎಲ್ಲಿಯೂ ನೀರಿಲ್ಲ, ಆಗ ದನದ ಕಲ್ಲ ಮರಿಗೆಯೇ ಎಲ್ಲರ ಕೆರೆ. ನನ್ನ ಒಳ್ಳೊಳ್ಳೆಯ ಫೋಟೊ ಎಲ್ಲ ಆ ಮರಿಗೆಯ ಹತ್ತಿರದ್ದೇ. ಕೇರೆ ತಲೆ ತಗ್ಗಿಸಿ ನೀರು ಕುಡಿಯುವ ಒಂದು ಉಂಟು. ಹಟ್ಟಿಗೆ ಬಂದು ದನದ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ ಅನ್ನುವವರಿಗೆ ಅದನ್ನೇ ತೋರಿಸುವುದು. ಅದು ಬರುವುದು ನೀರಿಗೆ ಮತ್ತು ಇಲಿಗೆ. ಇಲಿ ಹಿಡಿಯಲಿಕ್ಕೆ ಸಂಬಳ ಕೇಳದ ಆಳು.

ಕೇರೆ ಗಂಡು, ನಾಗರ ಹೆಣ್ಣು ಎನ್ನುವ ಮಾತೂ ಹಾಗೇ. 2022ರ ಮೇ ತಿಂಗಳಲ್ಲಿ ಎರಡು ಕೇರೆ ಹಗ್ಗದ ಹಾಗೆ ಹೆಣೆದುಕೊಂಡು ಅರ್ಧ ಮೈ ಎತ್ತಿ ನಿಂತದ್ದು ಸಿಕ್ಕಿತು. ನೋಡಿದವರು ಬಿಳಿ ವಸ್ತ್ರ ಹಾಕಿ ಅಂತ ಓಡಾಡಿದರು. ಅದು ಸರಸ ಅಲ್ಲ, ಎರಡು ಗಂಡು ಕೇರೆಗಳ ಬಲಪರೀಕ್ಷೆ. ಕೊಂಬೇರಿ ಮೂರ್ಖ ಕಚ್ಚಿ, ಮತ್ತೆ ಮರದ ತುದಿಗೆ ಹತ್ತಿ ಸ್ಮಶಾನದ ಹೊಗೆ ನೋಡುತ್ತದಂತೆ. ಹಸಿರು ಹಾವು ಕಣ್ಣಿಗೇ ಕುಕ್ಕುತ್ತದಂತೆ. ಎರಡೂ ನಮ್ಮ ಗೇರುಮರದಲ್ಲಿ ಬೇಕಾದಷ್ಟು ಉಂಟು, ನಮಗೆಲ್ಲ ಎರಡೆರಡು ಕಣ್ಣೂ ಉಂಟು.

ನಾಗರಹಾವಿನ ವಿಷಯ ಬೇರೆ. ಮನೆಯಲ್ಲಿ ಅಮ್ಮನಿಗೆ 80 ದಾಟಿತು. ನಾಗನ ಫೋಟೊ ತೆಗೆಯುವುದು ಅವರಿಗೆ ಸುತರಾಂ ಇಷ್ಟ ಇಲ್ಲ, ಸಂಜೆ ಮೇಲೆ ಹೆಸರು ಹೇಳುವುದೂ ಇಲ್ಲ. ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಬನದ ಒಳಗೆ ಕಂಡರೆ ಮೊಬೈಲ್ ಕಿಸೆಯಲ್ಲಿ, ಅಂಗಳದಲ್ಲಿ ಕಂಡರೆ ತೆಗೆಯಬಹುದು. ಅಮ್ಮನ ನಂಬಿಕೆಯಿಂದ ನಮ್ಮ ಬನದ ಮರಗಳಿಗೆ ಇಷ್ಟು ವರ್ಷ ಕತ್ತಿ ತಾಗಲಿಲ್ಲ. ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಮತ್ತೆ ಅದೇ ನಾಗನಿಗೆ ತಂಬಿಲ ಇಡುವ ಊರುಗಳನ್ನೂ ಕಂಡಿದ್ದೇನೆ. ಆ ಬಿಸಿ ಕಟ್ಟೆಯಲ್ಲಿ ಹಾವು ಎಲ್ಲಿ ಇರಬೇಕು ಅಂತ ಯಾರೂ ಕೇಳುವುದಿಲ್ಲ. ಪಂಚಮಿಯ ದಿನ ಕಲ್ಲಿಗೆ ಹಾಲೆರೆದವರೇ ಮರುದಿನ ತೋಳಹಾವನ್ನು ಚಚ್ಚುವುದು ನನಗೆ ಅರ್ಥವಾಗದ ಲೆಕ್ಕ.

ಗೇರುಬೀಜದ ಬುಡದಲ್ಲಿ

ಈಗ ಮುಖ್ಯ ವಿಷಯ. 2021ರ ಫೆಬ್ರವರಿಯಲ್ಲಿ ಗೇರುಮರದ ಬುಡದಲ್ಲಿ ಒಂದಡಿಗಿಂತ ಸ್ವಲ್ಪ ಉದ್ದದ ಹಾವು ಸುರುಳಿ ಸುತ್ತಿ ಕೂತಿತ್ತು. ತರಗೆಲೆಯದ್ದೇ ಬಣ್ಣ, ತ್ರಿಕೋನ ತಲೆ, ಮೂಗಿನ ತುದಿ ಮೇಲಕ್ಕೆ ಎದ್ದು ನಿಂತಿದೆ. ನಾಲ್ಕು ಫೋಟೊ ತೆಗೆದರೂ ಅಲ್ಲಾಡಲಿಲ್ಲ. ವೇಣೂರಿನ ಕಡೆ ಹಾವಿನ ವಿಷಯ ತಿಳಿದ ಮೇಸ್ಟ್ರೊಬ್ಬರಿಗೆ ತೋರಿಸಿದೆ. ಇದು ಗುಳಿಮಂಡಲದ ಜಾತಿ, ಹಂಪ್ ನೋಸ್ಡ್ ಪಿಟ್ ವೈಪರ್ ಅಂತ ಹೆಸರು, ಓಡಿಹೋಗುವ ಸ್ವಭಾವ ಇಲ್ಲ, ಎಲೆಯೊಳಗೆ ಕೈ ಹಾಕಿದರೆ ಕಚ್ಚುತ್ತದೆ ಎಂದರು. ಅವರೇ ಹೇಳಿದ ಇನ್ನೊಂದು ಮಾತು ನೋಟುಪುಸ್ತಕದಲ್ಲಿ ಗೆರೆ ಎಳೆದು ಬರೆದಿಟ್ಟೆ: ನಮ್ಮ ದೇಶದ ಹಾವಿನ ವಿಷದ ಔಷಧಿ ನಾಲ್ಕು ಹಾವಿನ ವಿಷಕ್ಕೆ ಮಾತ್ರ ಆಗುವಂಥದ್ದು. ನಾಗರ, ಕಡಂಬಳ, ಕನ್ನಡಿ ಹಾವು, ಗರಗಸ ಮಂಡಲ. ಇದಕ್ಕೆ ಅದು ನಾಟುವುದಿಲ್ಲ.

2023ರ ಏಪ್ರಿಲ್. ಬೆಳಿಗ್ಗೆ ಏಳಕ್ಕೆ ಬೀಜ ಹೆಕ್ಕುವಾಗ ಹೆಂಡತಿಯ ಬಲಗೈ ಬೆರಳಿಗೆ ಕಚ್ಚಿತು. ಕೆಲಸಕ್ಕೆ ಬಂದ ಹುಡುಗ ಕತ್ತಿ ಎತ್ತಿದ. ನಾನು ಬೇಡ ಎಂದು ಅವಳನ್ನು ಬದಿಗೆ ಕೂರಿಸಿದೆ. ಹಾವು ಅಲ್ಲೇ ಕೂತಿತ್ತು, ಹುಡುಗ ದೂರದಿಂದ ಎರಡು ಫೋಟೊ ತೆಗೆದ. ಅರ್ಧ ನಿಮಿಷದ ಕೆಲಸ. ಹಾವು ಓಡಿಹೋಗಿದ್ದರೆ ಹುಡುಕಲಿಕ್ಕೆ ನಿಲ್ಲುತ್ತಿರಲಿಲ್ಲ. ಬಳೆ, ಉಂಗುರ ತೆಗೆದೆವು, ಬಾತುಕೊಂಡ ಮೇಲೆ ತೆಗೆಯಲಿಕ್ಕೆ ಬರುವುದಿಲ್ಲ. ಹಗ್ಗ ಬಿಗಿಯಲಿಲ್ಲ, ಕೊಯ್ಯಲಿಲ್ಲ, ಬೇರು ಅರೆದು ಹಚ್ಚಲಿಲ್ಲ. ಕೈಯನ್ನು ಅಲ್ಲಾಡದ ಹಾಗೆ ಬೈರಾಸಿನಲ್ಲಿ ಕಟ್ಟಿ ನೆರೆಯವರ ಜೀಪಿನಲ್ಲಿ ಹೊರಟೆವು. ದಾರಿಯಲ್ಲಿ ಇಬ್ಬರು, "ನಾಟಿ ಮದ್ದು ಕೊಡುವವರು ಇಲ್ಲೇ ಹತ್ತಿರ" ಅಂದರು. ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಇದ್ದದ್ದು ಪ್ರಾಯದ ಡಾಕ್ಟರು. ಕೈ ಮಣಿಗಂಟಿನವರೆಗೆ ಬಾತಿತ್ತು, ಉರಿ ತಡೆಯಲಿಕ್ಕಾಗದೆ ಅವಳು ಅಳುತ್ತಿದ್ದಳು. ಫೋಟೊ ತೋರಿಸಿದೆ. ಅವರು ಅದನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು ದೊಡ್ಡ ಡಾಕ್ಟರಿಗೆ ಕಳಿಸಿ ಮಾತಾಡಿದರು. ಆಮೇಲೆ ಒಂದು ಚೊಕ್ಕ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ತೆಗೆದು ಮೇಜಿನ ಮೇಲೆ ಇಟ್ಟು ಗಡಿಯಾರ ನೋಡಿದರು. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟಬಾರದು. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪಾಗಿದ್ದರೆ ಸಮಾಧಾನ, ನೀರಿನ ಹಾಗೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ. ಅಷ್ಟು ಉದ್ದದ ಇಪ್ಪತ್ತು ನಿಮಿಷ ನನ್ನ ಆಯುಷ್ಯದಲ್ಲಿ ಬೇರೆ ಇಲ್ಲ. ಹೆಪ್ಪಾಗಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಹಾವು ಯಾವುದೆಂದು ಗೊತ್ತಿಲ್ಲದೆ ಬಾವು ಏರುತ್ತಾ ಹೋದರೆ ಕನ್ನಡಿ ಹಾವು ಎಂದು ಲೆಕ್ಕ ಹಾಕಿ ವಿಷದ ಔಷಧಿ ಏರಿಸಬೇಕಾಗುತ್ತದೆ. ಆ ಔಷಧಿ ಕೆಲವರ ಮೈಗೆ ಒಗ್ಗದೆ ಬೇರೆಯೇ ಅಪಾಯ ಆಗಬಹುದು. ಈ ಹಾವಿಗಾದರೆ ಅದು ಹೇಗೂ ಪ್ರಯೋಜನ ಇಲ್ಲ. ಹಾಗಂತ ಸಣ್ಣ ಹಾವು ಎಂದು ಉದಾಸೀನವೂ ಸಲ್ಲ, ಮೂತ್ರಕೋಶಕ್ಕೆ ತೊಂದರೆ ಆಗುವುದುಂಟು. ಮೂರು ದಿನ ಇಟ್ಟುಕೊಂಡು ಮತ್ತೆ ಮತ್ತೆ ರಕ್ತ, ಮೂತ್ರ ನೋಡಿ ಕಳಿಸಿದರು. ಬೆರಳ ತುದಿಯ ಚರ್ಮ ಕಪ್ಪಾಗಿ ಸುಲಿದು ಗುಣವಾಗಲಿಕ್ಕೆ ಎರಡು ತಿಂಗಳು ಹಿಡಿಯಿತು. ಆ ವರ್ಷದ ಗೇರುಬೀಜ ಅರ್ಧಕ್ಕರ್ಧ ಹಂದಿ, ಮುಳ್ಳುಹಂದಿಯ ಪಾಲು. ಹೋಗಲಿ.

ಆಮೇಲೆ ತಿಳಿದದ್ದು, ಈ ಹಾವು ಕಚ್ಚಿ ಜೀವಕ್ಕೆ ಅಪಾಯ ಆಗಬಹುದೆಂದು ನಮ್ಮ ದೇಶದಲ್ಲಿ ಹಾವನ್ನೇ ಗುರುತು ಹಿಡಿದು ಖಚಿತವಾಗಿ ಬರೆದದ್ದು ಕೇರಳದ ವೈದ್ಯರು, ಅದೂ 2007ರಲ್ಲಿ. ಅಲ್ಲಿಯವರೆಗೆ ಇದನ್ನು ಗರಗಸ ಮಂಡಲವೆಂದೇ ತಿಳಿಯುತ್ತಿದ್ದದ್ದು ಹೆಚ್ಚು. ಗುರುತು ತಪ್ಪಿದರೆ ಮದ್ದೂ ತಪ್ಪುತ್ತದೆ. ಹೊಡೆದು ಜಜ್ಜಿದ ಹಾವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಆಸ್ಪತ್ರೆಗೆ ತರುವವರು ಈಗಲೂ ಇದ್ದಾರೆ. ತಲೆ ಜಜ್ಜಿದ ಹಾವಿನ ಮೂಗು ಮೇಲಕ್ಕೆ ಎದ್ದಿದೆಯೋ ಇಲ್ಲವೋ ಯಾರು ಹೇಳ್ತಾರೆ? ಹೊಡೆಯಲಿಕ್ಕೆ ಹೋಗಿ ಎರಡನೆಯವನಿಗೂ ಕಚ್ಚಿಸಿಕೊಂಡರೆ ಜೀಪಿನಲ್ಲಿ ಇಬ್ಬರು.

ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ನಮ್ಮ ನೇಜಿ, ಕಳೆ, ಹುಲ್ಲಿನ ಕಾಲ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಬೇಕೆಂದು ಆಗಿದೆ. ಲೆಕ್ಕ ಸಿಕ್ಕಿದರೆ ಎಲ್ಲಿ ಎಷ್ಟು ಔಷಧಿ ಬೇಕು ಅಂತ ತಿಳಿದೀತು. ಒಳ್ಳೆಯ ಕೆಲಸ.

ನಮ್ಮಂಥ ಮಳೆ ನಂಬಿದವರಿಗೆ ತರಗೆಲೆ ಬಿಟ್ಟು ಬೇರೆ ಗೊಬ್ಬರ ಇಲ್ಲ, ತೇವ ಹಿಡಿಯಲಿಕ್ಕೂ ಅದೇ. ಹಾವಿಗೆ ಹೆದರಿ ಬೆಂಕಿ ಹಾಕಿದರೆ ಗುಡ್ಡೆ ಬರಡು. ಹಾಗಾಗಿ ಈಗ ಜನವರಿಯಲ್ಲೇ, ಬೀಜ ಬೀಳುವ ಮೊದಲು, ಉದ್ದ ಕೋಲಿನಿಂದ ಎಲೆಯನ್ನೆಲ್ಲ ಎಳೆದು ಮರದ ಬುಡದ ಸುತ್ತ ಮೂರಡಿಯೊಳಗೆ ದಪ್ಪ ರಾಶಿ ಮಾಡುತ್ತೇವೆ. ಅದರ ಹೊರಗೆ ಗೆಲ್ಲಿನ ನೆರಳು ಬೀಳುವಷ್ಟು ನೆಲ ಚೊಕ್ಕ. ಬೀಜ ಬೀಳುವುದು ಹೆಚ್ಚಾಗಿ ಅಲ್ಲೇ, ಹಾವು ಇದ್ದರೂ ಕಣ್ಣಿಗೆ ಬೀಳುತ್ತದೆ. ರಾಶಿಯೊಳಗೆ ಬಿದ್ದ ಬೀಜವನ್ನು ಕೈ ಹಾಕಿ ಹೆಕ್ಕುವುದಿಲ್ಲ, ಇಕ್ಕುಳದಲ್ಲಿ. ಬಿಸಿಲು ಸ್ವಲ್ಪ ಏರಿದ ಮೇಲೆಯೇ ಕೆಲಸ ಸುರು. ಕಳೆದ ಎರಡು ಹಂಗಾಮಿನಲ್ಲಿ ಅದೇ ಹಾವನ್ನು ಐದು ಸಲ ಕಂಡೆವು, ಐದು ಸಲವೂ ಫೋಟೊ ತೆಗೆದು ಬಿಟ್ಟೆವು.

ಕಾಳಿಂಗ ಸರ್ಪ ನಮ್ಮ ಗುಡ್ಡೆಯಲ್ಲಿ ಇಲ್ಲ, ಹೆಂಡತಿಯ ತವರು ಚಾರ್ಮಾಡಿಯ ಕಡೆ. ಅಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಗಂಡು ಹೆಣ್ಣನ್ನು ಹುಡುಕುತ್ತಾ ತೋಟಕ್ಕೆ, ಬಚ್ಚಲಿಗೆ ಎಲ್ಲ ಬರುವುದುಂಟು. 2022ರಲ್ಲಿ ಅಟ್ಟದ ಕಿಟಕಿಯಿಂದ ಒಂದರ ಫೋಟೊ ತೆಗೆದೆ, ಹತ್ತಡಿ ಅಲ್ಲ, ಐವತ್ತಡಿ ದೂರದಿಂದ. ಎಲೆ ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಇದೊಂದೇ. ನಮ್ಮ ಪಶ್ಚಿಮ ಘಟ್ಟದ್ದು ಬೇರೆಯೇ ಜಾತಿ ಎಂದು 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟು, ನಮ್ಮ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಲೋಕಕ್ಕೆಲ್ಲ ಇಟ್ಟರು. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೊ ಅಳವಡಿಸಿ ನೋಡಿದವರಿಗೆ, ಹಿಡಿದು ದೂರ ಬಿಟ್ಟ ಹಾವು ಒಂದೆಡೆ ನಿಲ್ಲದೆ ಬಹಳ ಅಲೆಯುತ್ತದೆ ಎಂದೂ ಕಂಡಿದೆ. ಹಾಗಾಗಿ ಮನೆಯ ಒಳಗೆ ಹೊಕ್ಕರೆ ಅರಣ್ಯ ಇಲಾಖೆಗೆ ಹೇಳುವುದು ಸರಿ. ತೋಟದಲ್ಲಿ ಹರಿದುಹೋಗುವ ಹಾವಿಗೆಲ್ಲ ಹಿಡಿಯುವವರನ್ನು ಕರೆಸುವುದು ಹಾವಿಗೂ ಹಿಂಸೆ, ಅವರಿಗೂ ಅಪಾಯ. ಅದರಲ್ಲೂ ಹಿಡಿದ ಹಾವನ್ನು ಕೊರಳಿಗೆ ಹಾಕಿ ವಿಡಿಯೊ ಮಾಡುವವರನ್ನು ಅಂಗಳಕ್ಕೇ ಸೇರಿಸಬೇಡಿ. ಹಾವನ್ನು ಕೊಲ್ಲುವುದೂ ಹಿಡಿದಿಟ್ಟುಕೊಳ್ಳುವುದೂ 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ.

ಇನ್ನೊಂದು ಎಚ್ಚರಿಕೆ. ಫೋಟೊವನ್ನು ವಾಟ್ಸಾಪಿಗೆ ಹಾಕುವಾಗ ಜಾಗದ ಹೆಸರು ಹಾಕಬೇಡಿ. ನಮ್ಮ ಪಾದೆಯಲ್ಲಿ ಸಿಕ್ಕಿದ ಮಣ್ಣುಮುಕ್ಕದ ಫೋಟೊ (ಹಾವುತಜ್ಞ ರೋಮುಲಸ್ ವಿಟೇಕರ್ ಅವರ ಹೆಸರನ್ನು 1991ರಲ್ಲಿ ಇಟ್ಟ ಜಾತಿ) ನೆಂಟರೊಬ್ಬರು ಊರ ಹೆಸರಿನ ಸಮೇತ ಕಳಿಸಿದ ನಾಲ್ಕನೇ ದಿನ ಗುರುತಿಲ್ಲದ ಇಬ್ಬರು ಬೈಕಿನಲ್ಲಿ ಬಂದು, ಎರಡು ತಲೆ ಹಾವು ಉಂಟಂತಲ್ಲ, ಎಷ್ಟು ತೂಕ, ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದರು. ಬೈದು ಕಳಿಸಿದೆ. ನಿಧಿ, ಅದೃಷ್ಟ ಅಂತ ಹೇಳಿ ಆ ಪಾಪದ ಹಾವನ್ನು ಮಾರುವ ದಂಧೆ ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಉಂಟು.

ನಮ್ಮ ನಾಲ್ಕು ವಿಷದ ಹಾವಿನ ಫೋಟೊ, ಅದರ ಪಕ್ಕದಲ್ಲೇ ಅದನ್ನು ಹೋಲುವ ಬಡಪಾಯಿ ಹಾವಿನದ್ದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲಿನ ಡಿಪೋದ ಗೋಡೆಗೆ ಅಂಟಿಸಿದ್ದೇವೆ. ಒಂದು ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಗರಗಸ ಮಂಡಲ ನಮ್ಮ ಗುಡ್ಡೆಯಲ್ಲಿ ಇದುವರೆಗೆ ಕಾಣಲಿಲ್ಲ. ಮೂಡುಬಿದಿರೆ, ಬಂಟ್ವಾಳದ ಕಡೆ ಬೋಳು ಪಾದೆ ಇರುವ ಊರಿನವರು ಯಾರಾದರೂ ಕಂಡಿದ್ದರೆ, ತಿಂಗಳು, ಹೊತ್ತು ಹಾಕಿ, ಫೋಟೊ ಸಮೇತ ಪತ್ರಿಕೆಗೆ ಬರೆಯಿರಿ. ಕಲ್ಲು ಮಗುಚಿ ಹುಡುಕಲಿಕ್ಕೆ ಮಾತ್ರ ಹೋಗಬೇಡಿ.